ಕೌದಿಯ ಮೂಲೆಯಲ್ಲಿಟ್ಟ ರೊಟ್ಟಿ

ತೆಗೆಯಿರಿ ಎಂಬ ಲಿಖಿತ ಸೂಚನೆ ಮೂರು ಸಲ ಬಂತು. ಮೂರು ಸಲವೂ ನಾನು ಲಿಖಿತವಾಗಿಯೇ ಉತ್ತರಿಸಿದೆ: ತೆಗೆಯುವುದಿಲ್ಲ. ಕಾರಣಗಳನ್ನು ಕ್ರಮಸಂಖ್ಯೆ ಹಾಕಿ ಬರೆದೆ, ಕೆಳಗೆ ಪೂರ್ಣ ಹೆಸರಿನ ಸಹಿ ಮಾಡಿದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದ ಫಲಕಗಳು ಎಲ್ಲಿ ಹೋದವೋ ತಿಳಿಯದು. ಅಲ್ಲಿ ಕಲಿತ ಒಂದು ಪಾಠ ಮಾತ್ರ ಉಳಿದಿದೆ. ಒಪ್ಪದಿದ್ದರೆ, ಒಪ್ಪುವುದಿಲ್ಲವೆಂದು ದಾಖಲೆಯಾಗುವಂತೆ ಹೇಳಬೇಕು. ಅವರು ತೆಗೆಯಲು ಹೇಳಿದ್ದು ಒಂದು ಕೌದಿಯನ್ನು. ಯಾರ ಚಳಿಯನ್ನೂ ಕಳೆಯದ, ಯಾರ ಕೈಗೂ ಸಿಗದ ಕೌದಿ.

ಕೆಲಸದ ಸ್ವರೂಪವನ್ನು ಮೊದಲು ಹೇಳಬೇಕು. ಜನರು ಮನೆಯಲ್ಲಿ ಕುಳಿತು ಫೋನಿನಿಂದಲೋ ಕಂಪ್ಯೂಟರಿನಿಂದಲೋ ಪ್ರವೇಶಿಸುವ ವರ್ಚುವಲ್ ಲೋಕವೊಂದಿದೆ. ಒಳಗೆ ಹೋದ ಪ್ರತಿಯೊಬ್ಬರಿಗೂ ಒಂದು ಅವತಾರ ದೊರೆಯುತ್ತದೆ: ನಡೆಯುವ, ಕುಣಿಯುವ, ಮಾತನಾಡುವ ಗೊಂಬೆ. ಆ ಗೊಂಬೆಗಳು ಉಡುವ, ತೊಡುವ, ಹೊದೆಯುವ ವಸ್ತುಗಳ ಮಳಿಗೆಗಳೂ ಅಲ್ಲಿವೆ. ಅವುಗಳ ಪೈಕಿ ನಮ್ಮ ಸೀಮೆಯ ಉಡುಗೆಗಳ ಮಳಿಗೆಯನ್ನು ನಾನು ಗುತ್ತಿಗೆಯ ಮೇಲೆ ನಿರ್ವಹಿಸುತ್ತಿದ್ದೆ. ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದೆ, ಲಿಂಬೆಹಣ್ಣಿನ ಚೀಲಗಳನ್ನು ಪೇರಿಸಿಡುವ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ವಸ್ತುಗಳ ಆಕಾರ ರೂಪಿಸುವ ಮಾದರಿಗಾರ್ತಿಯೊಬ್ಬಳು ಇದ್ದಳು, ತಾಳಿಕೋಟೆಯವಳು. ಅವಳು ಮಾಡಿದ್ದನ್ನು ಪರೀಕ್ಷಿಸುವುದು ನನ್ನ ಹೊಣೆ. ಅವತಾರ ಕೈ ಎತ್ತಿದರೆ ಕುಬಸದೊಳಗಿಂದ ಭುಜ ತೂರಿ ಹೊರಬರುತ್ತದೆಯೆ? ಕುಳಿತರೆ ಸೀರೆ ಕುರ್ಚಿಯೊಳಗೆ ಮುಳುಗುತ್ತದೆಯೆ? ರುಮಾಲು ತೊಟ್ಟರೆ ಕೂದಲು ಮಾಯವಾಗುತ್ತದೆಯೆ? ತಯಾರಕರ ಹೆಸರು ಸರಿಯಾಗಿದೆಯೆ? ಇಂಥ ಹನ್ನೆರಡು ಪ್ರಶ್ನೆಗಳ ಪಟ್ಟಿಯನ್ನು ಗೋಡೆಯ ಮೇಲೆ ಅಂಟಿಸಿದ್ದೆವು. ಹನ್ನೆರಡಕ್ಕೂ ಸಮರ್ಪಕ ಉತ್ತರ ಸಿಕ್ಕರೆ ಆ ಲೋಕವನ್ನು ನಡೆಸುವ ಕಂಪನಿಯ ಯಾಂತ್ರಿಕ ಪರಿಶೀಲನೆಗೆ ಕಳುಹಿಸಿ, ಅದು ಒಪ್ಪಿದ ಮೇಲೆ ನಾನು ಪ್ರಕಟಿಸುತ್ತಿದ್ದೆ. ದೋಷ ಕಂಡರೆ ಹಿಂತೆಗೆಯುವ ಗುಂಡಿಯೂ ನನ್ನ ಖಾತೆಯಲ್ಲಿಯೇ ಇತ್ತು. ಆ ಗುಂಡಿ ಒತ್ತಿದರೆ ವಸ್ತು ಮಳಿಗೆಯಿಂದ ಮಾತ್ರ ಹೋಗುವುದಿಲ್ಲ, ತೊಟ್ಟವರೆಲ್ಲರ ಮೈಮೇಲಿನಿಂದಲೂ ಹೋಗುತ್ತದೆ.

ರೆಕ್ಕೆ, ಕಿರೀಟ, ಉಕ್ಕಿನ ಕವಚಗಳಿಗೆ ಆ ಲೋಕದಲ್ಲಿ ಕೊರತೆಯಿರಲಿಲ್ಲ. ನಮ್ಮವರು ಹೋದರೆ ಹೆಚ್ಚಾಗಿ ಬೇರೆಯವರ ವೇಷದಲ್ಲಿಯೇ ತಿರುಗಬೇಕಿತ್ತು. ಇದು ನನಗೆ ಅನ್ಯಾಯವಾಗಿ ಕಂಡಿತು. ಈಗಲೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಒಂದು ಕೌದಿ ಮಾಡಬೇಕೆಂದು ನಿರ್ಧರಿಸಿ, ಮಾದರಿಗಾರ್ತಿಯೂ ನಾನೂ ಸಿಂದಗಿಯಲ್ಲಿ ಬಸ್ಸು ಬದಲಿಸಿ, ಮುದ್ದೇಬಿಹಾಳದ ಹಾದಿಯಲ್ಲಿರುವ ಒಂದು ಹಳ್ಳಿಗೆ ಹೋದೆವು. ಅಲ್ಲಿ ಲಗಮವ್ವ ಎಂಬ ಹಿರಿಯರಿದ್ದರು. ಈ ಬರಹದಲ್ಲಿ ಉಳಿದವರಿಗೆಲ್ಲ ಹುದ್ದೆ ಸಾಕು. ಅವರಿಗೆ ಹೆಸರು ಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ.

ಅದು ಕುರಿ ಸಾಕುವ ಮನೆತನ. ಗಂಡಸರು ಹಿಂಡಿನ ಜೊತೆ ಹೋದಾಗ ಲಗಮವ್ವ ಪಡಸಾಲೆಯಲ್ಲಿ ಕುಳಿತು ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದರು. ನಾವು ಬಂದ ಕಾರಣ ಹೇಳಿದೆವು.

"ಗೊಂಬಿಗೆ ಕೌದಿ?" ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನಕ್ಕರು. "ಮನ್ಷಾರಿಗೆ ಹೊಲದು ಮುಗೀವಲ್ದು, ಈಗ ಗೊಂಬಿ ಪಾಳಿ ಬಂತೇನ ನಮ್ಮವ್ವ?"

"ಗೊಂಬಿ ಹಿಂದ ಮನ್ಷಾರ ಇರ್ತಾರ ಆಯಿ," ಎಂದಳು ಮಾದರಿಗಾರ್ತಿ.

"ಹಂಗಾರ ನಮ್ಮ ಮನಿ ಗಂಡಸರಂಗ ಅನ್ನು. ಕುರಿ ಹಿಂದ ಮನ್ಷಾ ಇರ್ತಾನ, ಊರಿಗೆ ಕಾಣ್ಸೂದು ಕುರಿ ಅಷ್ಟ."

ನಗು ನಿಂತ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು: "ನನ್ನ ಹೆಸರ ಹಾಕ್ತೀರೇನು?"

ಹಾಕುತ್ತೇವೆ ಎಂದೆ.

"ಬಾಯಿಲೆ ಎಲ್ಲಾರೂ ಅಂತಾರ. ಹಿಂದ ಒಮ್ಮಿ ನನ್ನ ಕೌದಿ ಪ್ಯಾಟಿಗೆ ಒಯ್ದು ಗ್ವಾಡಿಗೆ ತೂಗಹಾಕಿದ್ರು. ನಾನೂ ನೋಡಾಕ ಹೋಗಿದ್ನಿ. ಕೆಳಗ ಚೀಟಿ ಬರದಿದ್ರು. ನನ್ನ ಹೆಸರ ಇರಬೇಕಂತ ತಿಳಕೊಂಡು, ಅದರ ಮುಂದ ನಿಂತು ಫೋಟೋ ತಗಸಿಕೊಂಡೆ. ಮನಿಗೆ ಬಂದಮ್ಯಾಲ ಮೊಮ್ಮಗಳು ಓದಿ ಹೇಳಿದ್ಲು, 'ಹಳ್ಳಿ ಕಲೆ' ಅಂತ ಬರದಾರಂತ." ಅವರು ಮತ್ತೆ ಸೂಜಿ ಹಿಡಿದರು. "ನನ್ನ ಹೆಸರ ಹಳ್ಳಿ ಕಲೆ ಅಲ್ಲ ಯವ್ವಾ. ಲಗಮವ್ವ."

ಆ ಲೋಕದ ನಿಯಮದ ಪ್ರಕಾರ ಪ್ರತಿ ವಸ್ತುವಿಗೂ ತಯಾರಕರ ಹೆಸರಿನ ಒಂದು ಅಂಕಣವಿರುತ್ತದೆ. ಪ್ರಕಟವಾದ ಬಳಿಕ ಅದು ಬದಲಾಗದು. ಆ ಪಡಸಾಲೆಯಲ್ಲಿಯೇ ಅವರ ಹೆಸರಿನಲ್ಲಿ ಖಾತೆ ತೆರೆದೆ. ಅಂದು ನಾನು ಕೊಟ್ಟ ಮಾತು ಅದು.

ಅವರು ಅಂದು ಮುಗಿಸುತ್ತಿದ್ದ ಕೆಂಪು ಕೌದಿಯನ್ನೇ ಮಾದರಿಯಾಗಿ ಆರಿಸಿದೆವು. ಅಂಗಳದಲ್ಲಿ ಹಾಸಿ, ನೆರಳು ಬೀಳದಂತೆ ನಡುಮಧ್ಯಾಹ್ನದ ಬೆಳಕಿನಲ್ಲಿ ಗೇಣುಗೇಣಿಗೂ ಚಿತ್ರ ತೆಗೆದೆವು. ಎಡಗಡೆಯ ಕೆಳಮೂಲೆಯೊಂದು ಇನ್ನೂ ತೆರೆದಿತ್ತು. ಲಗಮವ್ವ ಒಳಗೆ ಹೋಗಿ ಬುಟ್ಟಿಯಿಂದ ಒಣಗಿದ ಕಟಕಲು ರೊಟ್ಟಿಯೊಂದನ್ನು ತಂದು, ಬೆರಳಗಲದ ಚೂರು ಮುರಿದು, ಆ ಮೂಲೆಯೊಳಗೆ ತೂರಿಸಿದರು.

"ಇದ್ಯಾಕ್ರೀ ಆಯಿ?"

"ಕೌದಿ ಹಸದಿರಬಾರ್ದು. ಹಸದ ಕೌದಿ ಹೊದ್ಕೊಂಡವ್ರಿಗೆ ನಿದ್ದಿ ಹತ್ತಂಗಿಲ್ಲ. ಹೊಟ್ಟಿ ತುಂಬಿಸೇ ಬಾಯಿ ಹೊಲೀಬೇಕು." ಮೂಲೆ ಮುಚ್ಚಿತು.

ಮಾದರಿಗಾರ್ತಿ ಮೂಲೆ ಮುಚ್ಚುವ ಮೊದಲೇ ಅದರದ್ದೂ ಚಿತ್ರ ತೆಗೆದಿದ್ದಳು. ಇಂಡಿಗೆ ಮರಳಿ, ಕೌದಿಯ ಎರಡು ಪದರಗಳ ನಡುವೆ ಅದೇ ಮೂಲೆಯಲ್ಲಿ, ಮುರಿದ ಅಂಚು ಸಮೇತ ರೊಟ್ಟಿಯ ಚೂರನ್ನೂ ರೂಪಿಸಿದಳು. ಪರದೆಯ ಮೇಲಿನ ಎಲ್ಲ ಆಕಾರಗಳೂ ಸಣ್ಣ ತ್ರಿಕೋನಗಳಿಂದ ಆಗುತ್ತವೆ, ಪ್ರತಿ ವಸ್ತುವಿಗೆ ಇಷ್ಟೇ ತ್ರಿಕೋನಗಳೆಂಬ ಮಿತಿ ಇದೆ. ರೊಟ್ಟಿ ನಲವತ್ತೆಂಟನ್ನು ತಿಂದಿತ್ತು. 'ಕಾಣದ ಭಾಗ, ಅನಗತ್ಯ' ಎಂದು ಯಾಂತ್ರಿಕ ಪರಿಶೀಲನೆಯೂ ಎಚ್ಚರಿಸಿತು. ಅದು ಮೂಢನಂಬಿಕೆ, ಮೇಲಾಗಿ ವ್ಯರ್ಥ ಭಾರ ಎಂದು ನಾನು ತೀರ್ಮಾನಿಸಿ ಅಳಿಸಿದೆ.  ಅಂದು ಮಾದರಿಗಾರ್ತಿ ತಂದಿಟ್ಟ ಚಹಾವನ್ನು ಮುಟ್ಟಲಿಲ್ಲ.

ಎರಡು ವಾರಗಳ ಬಳಿಕ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಲಗಮವ್ವನಿಗೆ ತೋರಿಸಿದೆವು. ಅವತಾರವೊಂದು ಅವರ ಕೌದಿ ಹೊದ್ದು ತಿರುಗಿತು, ಕುಣಿಯಿತು. ಅವರು ಬಹಳ ಹೊತ್ತು ನೋಡಿದರು.

"ರೊಟ್ಟಿ ಎಲ್ಲೈತಿ?"

ನಾನು ವಾದ ಮಂಡಿಸಿದೆ. ಚೆನ್ನಾಗಿಯೇ ಮಂಡಿಸಿದೆ ಎನ್ನಬೇಕು. ಇದು ನಿಜವಾದ ಬಟ್ಟೆಯಲ್ಲ. ಗೊಂಬೆಗೆ ಹಸಿವಿಲ್ಲ, ನಿದ್ದೆಯಿಲ್ಲ. ಒಳಗಿನದು ಯಾರಿಗೂ ಕಾಣುವುದಿಲ್ಲ. ಕಾಣದ್ದಕ್ಕೆ ಭಾರ ಹೊರಿಸುವುದು ತರ್ಕಕ್ಕೆ ಒಪ್ಪುವುದಿಲ್ಲ.

"ಗೊಂಬಿಗೆ ಥಂಡಿ ಹತ್ತತೈತೇನು?" ಎಂದು ಕೇಳಿದರು ಲಗಮವ್ವ.

"ಇಲ್ರಿ."

"ಮತ್ತ ಕೌದಿ ಯಾಕ ಹೊದಿಸಿದಿ?"

 ಚರ್ಚಾಕೂಟಗಳಲ್ಲಿ ತೀರ್ಪುಗಾರರು ಗಂಟೆ ಬಾರಿಸಿ ಸಮಯ ಮುಗಿಯಿತೆಂದು ಹೇಳುವಾಗಲೂ ನನಗೆ ಅಂಥ ಸೋಲು ಬಂದಿರಲಿಲ್ಲ.

"ಥಂಡಿ ಇಲ್ಲದಾಕಿಗೆ ಕೌದಿ ನಡೀತೈತಿ ಅಂದ್ರ, ಹಸಿವು ಇಲ್ಲದ ಕೌದಿಗೆ ರೊಟ್ಟಿನೂ ನಡೀತೈತಿ," ಎಂದು ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. "ಹಸದ ಕೌದಿಗೆ ನನ್ನ ಹೆಸರ ಹಚ್ಚಬ್ಯಾಡ ಬಾಯಾರ. ಒಯ್ಯಿ."

ಮರಳುವ ಬಸ್ಸಿನಲ್ಲಿ ಮಾದರಿಗಾರ್ತಿ, "ನಾ ಹೇಳಿದ್ರ ನೀವು ಕೇಳ್ತಿದ್ದಿಲ್ಲ ಅಕ್ಕಾರ," ಎಂದಳು. ನಿಜ. ಜನರ ಪರವಾಗಿ ಹೋರಾಡಲು ಹೊರಟವಳು ಆ ಜನರ ಮಾತನ್ನೇ ಅನಗತ್ಯ ಭಾಗವೆಂದು ಅಳಿಸಿದ್ದೆ.

ರೊಟ್ಟಿಯನ್ನು ಮರಳಿ ಸೇರಿಸುವುದು ಅಳಿಸಿದಷ್ಟು ಸುಲಭವಾಗಲಿಲ್ಲ. ಮೊದಲ ಪರೀಕ್ಷೆಯಲ್ಲಿ ಅವತಾರ ಕುಣಿಯತೊಡಗಿದಾಗ ಕೌದಿ ಅದರೊಂದಿಗೆ ಹೋಯಿತು, ರೊಟ್ಟಿಯ ಚೂರು ಗಾಳಿಯಲ್ಲಿ ನಿಂತಿತು. ಕೌದಿಯ ಮೂಲೆಯನ್ನು ಅವತಾರವನ್ನು ಒಳಗಿನಿಂದ ಆಡಿಸುವ ಮಂಡಿ, ಸೊಂಟದ ಎಲುಬುಗಳಿಗೆ ಕಟ್ಟಿದ್ದೆವು, ರೊಟ್ಟಿಯನ್ನು ಯಾವುದಕ್ಕೂ ಕಟ್ಟಿರಲಿಲ್ಲ. ಎರಡನ್ನೂ ಒಂದೇ ಪ್ರಮಾಣದಲ್ಲಿ ಅವೇ ಎಲುಬುಗಳಿಗೆ ಕಟ್ಟಿದೆವು. ಎರಡನೆಯ ಸಲ ತ್ರಿಕೋನಗಳ ಮಿತಿ ಮೀರಿತೆಂದು ತಿರಸ್ಕಾರವಾಯಿತು. ಬೆನ್ನಿನ ಭಾಗದ ಅಂಚಿನಲ್ಲಿ ಒಂದು ಸಾಲು ಹೊಲಿಗೆ ಕಡಿಮೆ ಮಾಡಬಹುದೇ ಎಂದು ಫೋನಿನಲ್ಲಿ ಲಗಮವ್ವನ ಅನುಮತಿ ಕೇಳಿದೆ. "ಬೆನ್ನ ಮ್ಯಾಲಿಂದು ಯಾರ ಎಣಸ್ತಾರ? ಹೊಟ್ಟಿ ಬಿಡಬ್ಯಾಡ್ರಿ," ಎಂದರು. ಮೂರನೆಯ ಸಲ ಯಾಂತ್ರಿಕ ಪರಿಶೀಲನೆ ಎಚ್ಚರಿಕೆ ಕೊಟ್ಟರೂ ತಡೆಯಲಿಲ್ಲ. ತಯಾರಕರ ಅಂಕಣದಲ್ಲಿ ಲಗಮವ್ವ ಎಂಬ ಹೆಸರಿನೊಂದಿಗೆ ಕೌದಿ ಪ್ರಕಟವಾಯಿತು.

ಜನ ಅದನ್ನು ಹೊದ್ದರು. ನಮ್ಮ ಭಾಷೆ ತಿಳಿಯದವರೂ ಹೊದ್ದರು. ಒಬ್ಬರು ಅದನ್ನು ರೆಕ್ಕೆಯ ಮೇಲೆಯೇ ಹೊದ್ದು ಹಾರಾಡಿದ ಚಿತ್ರ ನೋಡಿ ಲಗಮವ್ವ, "ಹಾರಾಡಿದ್ರೂ ಮೂಲಿ ಜೋತು ಬಿದ್ದೈತಿ ನೋಡು. ಹೊಟ್ಟಿ ತುಂಬೈತಿ," ಎಂದು ಸಮಾಧಾನಪಟ್ಟರು.

ಕೆಲವು ತಿಂಗಳ ಬಳಿಕ ಕಂಪನಿಯ ಕೇಂದ್ರ ವಿನ್ಯಾಸ ವಿಭಾಗ ಹಬ್ಬದ ಸಂಗ್ರಹವೊಂದನ್ನು ಬಿಡುಗಡೆ ಮಾಡಿತು. ಅದರಲ್ಲಿ 'ಗ್ರಾಮೀಣ ಮೇಲ್ಹೊದಿಕೆ' ಎಂಬ ವಸ್ತುವಿತ್ತು. ನಮ್ಮದು ಕೆಂಪು, ಅದು ನೀಲಿ. ತುಂಡುಗಳ ಜೋಡಣೆ ಒಂದೇ. ತಯಾರಕರ ಅಂಕಣದಲ್ಲಿ ಕಂಪನಿಯ ಹೆಸರು. ಎರಡೇ ದಿನಗಳಲ್ಲಿ ಸಾಮ್ಯ ಹುಡುಕುವ ಯಂತ್ರ ಎರಡನ್ನೂ ಹೋಲಿಸಿ ನಕಲನ್ನು ಪತ್ತೆಹಚ್ಚಿತು. ಕೇಂದ್ರದ ವಸ್ತುಗಳನ್ನೆಲ್ಲ ಮೂಲವೆಂದೇ ಎಣಿಸುವಂತೆ ಅದಕ್ಕೆ ಕಲಿಸಿದ್ದರು; ಆದ್ದರಿಂದ ನಕಲು ಎಂಬ ಮುದ್ರೆ ಬಿದ್ದದ್ದು ಲಗಮವ್ವನ ಕೌದಿಯ ಮೇಲೆ. ಅವರ ಖಾತೆಗೂ ಕೆಂಪು ಗುರುತು ಬಿತ್ತು. ಹಿಂತೆಗೆಯಿರಿ ಎಂಬ ಮೊದಲ ಸೂಚನೆ ನನಗೆ ಬಂತು.

ಮೊದಲ ಉತ್ತರದಲ್ಲಿ ನಾವು ಪ್ರಕಟಿಸಿದ ದಿನ ಮೊದಲಿನದು ಎಂದು ಬರೆದೆ. ಕೇಂದ್ರದ ವಿನ್ಯಾಸ ಅದಕ್ಕೂ ಮೊದಲೇ ಒಳಗೆ ಸಿದ್ಧವಾಗಿತ್ತು ಎಂಬ ಮರುತ್ತರ ಬಂತು. ಎರಡನೆಯದಕ್ಕೆ ಅಂಗಳದ ಚಿತ್ರಗಳನ್ನು ಲಗತ್ತಿಸಿದೆ. ಇಂಥ ಹೊದಿಕೆಗಳು ಎಲ್ಲೆಡೆ ಇವೆ ಎಂದರು. ಮೂರನೆಯದರ ನಂತರ ಮಳಿಗೆಗಳ ಮುಖ್ಯಸ್ಥರು ಸ್ವತಃ ಫೋನ್ ಮಾಡಿದರು. ಅವರೂ ನಮ್ಮ ಕಡೆಯವರೇ. ಮಾತಿನಲ್ಲಿ ಅದು ಇನ್ನೂ ಮಾಸಿರಲಿಲ್ಲ.

"ನೋಡ್ರಿ ಮೇಡಮ್ಮಾರ, ಕೌದಿ ಅನ್ನೂದು ಯಾರಪ್ಪನ ಸ್ವತ್ತೂ ಅಲ್ಲ. ನಮ್ಮ ಅಮ್ಮನೂ ಹೊಲೀತಿದ್ಲು. ಅದು ಪರಂಪರಾ. ಪರಂಪರಾಕ್ಕ ಹೆಸರ ಎಲ್ಲಿಂದ ತರ್ತೀರಿ?"

"ಯಾರ ಸ್ವತ್ತೂ ಅಲ್ಲಂದ್ರ ನಿಮ್ಮ ನೀಲಿ ಹೊದಿಕಿ ಮ್ಯಾಲ ಕಂಪನಿ ಹೆಸರ ಯಾಕೈತ್ರೀ ಸರ್?"

"ಅದು ಪಾಲಿಸಿ."

"ನಿಮ್ಮ ಅಮ್ಮ ಹೊಲದ ಕೌದಿಗೆ ನೀವು ಯಾರ ಹೆಸರ ಹೇಳ್ತೀರಿ? ಕಂಪನಿದೋ, ಅಮ್ಮನದೋ?"

 "ಸೋಮವಾರದೊಳಗ ತೆಗೀರಿ. ಇಲ್ಲಾಂದ್ರ ನಿಮ್ಮ ಗುತ್ತಿಗಿ ಮುಂದುವರಿಸೂದು ನನ್ನ ಕೈಯಾಗಿಲ್ಲ," ಎಂದು ಅವರು ಫೋನ್ ಇಟ್ಟರು.

ಗುಂಡಿ ನನ್ನ ಖಾತೆಯಲ್ಲಿದೆ. ಒತ್ತದೆ ಕುಳಿತರೆ ಸೋಮವಾರ ನನ್ನ ಖಾತೆಯನ್ನೇ ಮುಚ್ಚಿ, ನನ್ನ ಜಾಗಕ್ಕೆ ಬಂದವರಿಂದ ಒತ್ತಿಸುತ್ತಾರೆ. ನಿರಾಕರಣೆಯಷ್ಟೇ ಸಾಲದೆಂಬುದು ಆಗ ಸ್ಪಷ್ಟವಾಯಿತು. ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಯಾರೂ ಬಳಸದ ಒಂದು ಅವಕಾಶ ಅದರಲ್ಲಿತ್ತು: ಮಳಿಗೆಯ ನಿರ್ವಾಹಕರು ಒಂದು ವಸ್ತುವಿನ ನಿರ್ವಹಣೆಯನ್ನು ಅದರ ತಯಾರಕರಿಗೇ ವಹಿಸಿಕೊಡಬಹುದು. ಹಾಗೆ ವಹಿಸಿದ್ದನ್ನು ಮರಳಿ ಪಡೆಯಲಾಗದು. ತಯಾರಕರೇ ನಿರ್ವಹಿಸುವ ವಸ್ತುವನ್ನು ಅವರ ಸಮ್ಮತಿಯಿಲ್ಲದೆ ತೆಗೆಯಬೇಕಾದರೆ ಕಂಪನಿ ಅವರನ್ನು ಕರೆದು ವಿಚಾರಣೆ ನಡೆಸಲೇಬೇಕು.

ಶನಿವಾರ ಬೆಳಿಗ್ಗೆ ಲಗಮವ್ವನಿಗೆ ಎಲ್ಲವನ್ನೂ ಫೋನಿನಲ್ಲಿ ವಿವರಿಸಿದೆ. ಅವರು ಒಪ್ಪಿದ ಮೇಲೆ ಕೌದಿಯ ನಿರ್ವಹಣೆಯನ್ನು ಅವರಿಗೆ ವಹಿಸಿದೆ. ಹಿಂತೆಗೆಯುವ ಗುಂಡಿ ನನ್ನ ಪರದೆಯಿಂದ ಮಾಯವಾಗಿ ಅವರ ಖಾತೆಯನ್ನು ಸೇರಿತು. ಮುಖ್ಯಸ್ಥರಿಗೆ ಒಂದೇ ಸಾಲು ಬರೆದೆ: ಕೌದಿಯನ್ನು ತೆಗೆಯುವ ಅಧಿಕಾರ ಈಗ ನನಗಿಲ್ಲ, ಹೊಲಿದವರಿಗಿದೆ, ಅವರನ್ನೇ ಕೇಳಿರಿ.

ವಿಚಾರಣೆಯ ದಿನ ನಿಗದಿಯಾಯಿತು. ಹದಿನಾಲ್ಕು ಅಂಶಗಳ ವಾದವನ್ನು ಸಿದ್ಧಪಡಿಸಿ ಫೋನಿನಲ್ಲಿ ಲಗಮವ್ವನಿಗೆ ಓದಿ ಹೇಳಿದೆ. ನಾಲ್ಕನೆಯದಕ್ಕೆ ಅವರು ತಡೆದರು.

"ಅದೆಲ್ಲಾ ಇರ್ಲಿ. ಅವ್ರ ಕೌದ್ಯಾಗ ರೊಟ್ಟಿ ಐತೇನು?"

"ಅವರಿಗೆಲ್ಲಿ ಗೊತ್ತಿರತೈತ್ರಿ ಆಯಿ, ರೊಟ್ಟಿ ಇಡೂದು?"

"ನೋಡಿ ಹೇಳಾಕತ್ತೀಯೋ, ನೋಡದೇ ಹೇಳಾಕತ್ತೀಯೋ?"

ನೋಡಿರಲಿಲ್ಲ. ನನ್ನ ಅವತಾರಕ್ಕೆ ನೀಲಿ ಹೊದಿಕೆಯನ್ನು ತೊಡಿಸಿ, ಬಣ್ಣವನ್ನೆಲ್ಲ ಕಳಚಿ ಗೆರೆಗಳನ್ನಷ್ಟೇ ತೋರಿಸುವ ನೋಟಕ್ಕೆ ಬದಲಿಸಿದೆ. ಎಡಗಡೆಯ ಕೆಳಮೂಲೆಯಲ್ಲಿ, ಎರಡು ಪದರಗಳ ನಡುವೆ ಒಂದು ಚೂರು ಇತ್ತು. ಮಾದರಿಗಾರ್ತಿ ನನ್ನ ಹೆಗಲ ಮೇಲಿಂದ ಬಾಗಿ ಎಣಿಸಿದಳು. ನಲವತ್ತೆಂಟು ತ್ರಿಕೋನ. ಮುರಿದ ಅಂಚಿನ ಒಂದು ಕಚ್ಚೂ ಆಚೀಚೆಯಾಗಿರಲಿಲ್ಲ. ಬೆನ್ನಿನಲ್ಲಿ ನಾವು ಬಿಟ್ಟ ಒಂದು ಸಾಲು ಹೊಲಿಗೆ ಅದರಲ್ಲಿಯೂ ಇರಲಿಲ್ಲ.

"ಬಣ್ಣ ಬದಲ್ಸ್ಯಾರ, ಹೊಟ್ಟಿ ಬಿಚ್ಚಿ ನೋಡಿಲ್ಲ," ಎಂದಳು ಅವಳು.

ಇಂಡಿಯಲ್ಲಿ ಆ ವಾರ ನೆಟ್‌ವರ್ಕ್ ನಂಬುವಂತಿರಲಿಲ್ಲ. ಬಸವನ ಬಾಗೇವಾಡಿಯಲ್ಲಿ ನಾನು ಓದಿದ ಕಾಲೇಜಿನ ಕಂಪ್ಯೂಟರ್ ಕೋಣೆಯನ್ನು ಕೇಳಿ ಪಡೆದೆ. ಲಗಮವ್ವ ಬೆಳಗಿನ ಬಸ್ಸಿಗೆ ಬಂದು ನನ್ನ ಪಕ್ಕ ಕುಳಿತರು. ವಿಚಾರಣೆ ಆ ಲೋಕದೊಳಗಿನ ಒಂದು ಸಭಾಂಗಣದಲ್ಲಿ. ಮೂವರು ಪರಿಶೀಲಕರು, ಮುಖ್ಯಸ್ಥರು, ಎಲ್ಲರೂ ಅವತಾರಗಳಾಗಿ ಬಂದಿದ್ದರು. ಲಗಮವ್ವನ ಅವತಾರ ತನ್ನ ಕೆಂಪು ಕೌದಿ ಹೊದ್ದು ನಡುವೆ ನಿಂತಿತು.

ಹದಿನಾಲ್ಕು ಅಂಶಗಳಲ್ಲಿ ಒಂದನ್ನೂ ನಾನು ಓದಲಿಲ್ಲ. ಎರಡು ಹೊದಿಕೆಗಳನ್ನು ಅಕ್ಕಪಕ್ಕ ಇಟ್ಟು, ಗೆರೆಗಳ ನೋಟಕ್ಕೆ ಬದಲಿಸುವಂತೆ ಪರಿಶೀಲಕರನ್ನು ಕೋರಿ, ಎಡಮೂಲೆಯನ್ನು ತೋರಿಸಿದೆ. ಮುಖ್ಯಸ್ಥರನ್ನು ಕೇಳಿದೆ: "ನಿಮ್ಮ ಹೊದಿಕೆಯೊಳಗೆ ಈ ಚೂರು ಏಕಿದೆ? ಇದು ಏನು?"

ಅವರು, ಅದು ತಾಂತ್ರಿಕ ಉಳಿಕೆ ಇರಬಹುದು, ವಿನ್ಯಾಸಕರನ್ನು ಕೇಳಿ ತಿಳಿಸುತ್ತೇವೆ ಎಂದರು.

ಲಗಮವ್ವ ಮೈಕಿನ ಹತ್ತಿರ ಬಾಗಿದರು. "ರೊಟ್ಟಿ ಅದು. ಜ್ವಾಳದ್ದು. ನನ್ನ ಬುಟ್ಟ್ಯಾಗಿಂದು. ರೊಟ್ಟಿ ಒಯ್ದದ್ದಕ್ಕ ನಾ ಸಿಟ್ಟ ಮಾಡಂಗಿಲ್ಲ. ಹಸದಿದ್ದಾರು ಅಂತ ತಿಳಕೋತೇನಿ. ಆದ್ರ ಉಂಡವ್ರು ಬಡಸಿದಾಕಿ ಹೆಸರ ಹೇಳೂದು ನಮ್ಮ ಕಡೆ ರೂಢಿ ಐತ್ರಿ."

ಅವತಾರಗಳ ಮುಖದಲ್ಲಿ ನಾಚಿಕೆ ಕಾಣುವುದಿಲ್ಲ; ಅದಕ್ಕೆ ಆ ಲೋಕದಲ್ಲಿ ಇನ್ನೂ ಯಾರೂ ಚಲನೆ ರೂಪಿಸಿಲ್ಲ. ಆದರೆ ಮುಖ್ಯಸ್ಥರ ಮೈಕು ತೆರೆದೇ ಇತ್ತು. ಅವರು ಉಸಿರು ಬಿಟ್ಟದ್ದು ನಮಗೆಲ್ಲ ಕೇಳಿಸಿತು.

ತೀರ್ಮಾನ ಬರಲು ಒಂದು ವಾರ ಹಿಡಿಯಿತು. ನೀಲಿ ಹೊದಿಕೆಯನ್ನು 'ತಾಂತ್ರಿಕ ಕಾರಣಗಳಿಂದ' ಹಿಂತೆಗೆದಿದ್ದರು. ಯಾರು ನಕಲು ಮಾಡಿದರು, ಹೇಗೆ ಮಾಡಿದರು ಎಂಬ ಒಂದು ಪದವೂ ಅದರಲ್ಲಿರಲಿಲ್ಲ. ಲಗಮವ್ವನ ಖಾತೆಯ ಕೆಂಪು ಗುರುತು ಹೋಯಿತು. ಜೊತೆಗೊಂದು ಸಲಹೆ ಇತ್ತು: ಮುಂದೆ ವಿವಾದ ಬಾರದಂತೆ, ತಯಾರಕರು ಸಮ್ಮತಿಸಿದರೆ ವಿಶೇಷ ಪ್ರಕರಣವೆಂದು ಬಗೆದು, ಅವರ ಹೆಸರಿನ ಬದಲು 'ಸಾಂಪ್ರದಾಯಿಕ ಕಲೆ' ಎಂದು ನಮೂದಿಸಬಹುದು. ನಾನು ಅದನ್ನು ಓದಿ ಹೇಳಿದಾಗ ಲಗಮವ್ವ ನಕ್ಕರು. "ಚೀಟಿ ಬರಿಯವ್ರು ಇಲ್ಲಿಗೂ ಬಂದ್ರೇನು! ಒಲ್ಲೆ ಅಂತ ಬರಿ." ಹಾಗೆಯೇ ಬರೆದೆ. ಒಂದೇ ಪದ, ಕೆಳಗೆ ಅವರ ಹೆಸರು.

ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಆದರೆ ತಯಾರಕರ ಖಾತೆಯಿಂದ ನೇರವಾಗಿ ವಸ್ತು ಸಲ್ಲಿಸುವುದಕ್ಕೆ ಅಡ್ಡಿಯಿಲ್ಲ, ತಯಾರಕರು ತಮಗೆ ಬೇಕಾದವರನ್ನು ಸಹಾಯಕರಾಗಿ ನೇಮಿಸಿಕೊಳ್ಳಬಹುದು. ಲಗಮವ್ವನ ಖಾತೆಯಲ್ಲಿ ಈಗ ಇಬ್ಬರು ಸಹಾಯಕಿಯರಿದ್ದಾರೆ. ಇಂಡಿಯ ಕೋಣೆಯ ಗೋಡೆಯ ಮೇಲಿನ ಪಟ್ಟಿಗೆ ಮಾದರಿಗಾರ್ತಿ ಹದಿಮೂರನೆಯ ಪ್ರಶ್ನೆಯೊಂದನ್ನು ಕೈಬರಹದಲ್ಲಿ ಸೇರಿಸಿದ್ದಾಳೆ: ರೊಟ್ಟಿ ಇದೆಯೆ?

ಎರಡನೆಯ ಕೌದಿ ಸಿದ್ಧವಾಗುತ್ತಿದ್ದಾಗ ಕಂಪನಿಯ ಹೊಸ ನಿಯಮ ಬಂತು. ಉಡುಗೆಗಳೊಳಗೆ ಕಾಣದ ಭಾಗಗಳಿಗೆ ಇನ್ನು ಮುಂದೆ ಅವಕಾಶವಿಲ್ಲ. ಎಚ್ಚರಿಕೆಯಿಲ್ಲದೆ ನೇರ ತಿರಸ್ಕಾರ. ಮೇಲ್ಮನವಿ ಬರೆಯಲು ನಾನು ಕುಳಿತೆ, ಎರಡು ಪುಟವಾಯಿತು. ಕಳಿಸುವ ಮುನ್ನ ಲಗಮವ್ವನಿಗೆ ಫೋನ್ ಮಾಡಿದೆ.

"ಒಳಗ ಇಡೂದು ಬ್ಯಾಡ ಅಂದಾರೇನು?"

"ಹೌದ್ರಿ ಆಯಿ."

"ಹೊರಗ ಇಡಬ್ಯಾಡ ಅಂದಾರೇನು?"

ನಿಯಮವನ್ನು ಮತ್ತೊಮ್ಮೆ ಓದಿದೆ. ಅಂದಿರಲಿಲ್ಲ. ಮೇಲ್ಮನವಿಯನ್ನು ಹರಿದು ಹಾಕಿದೆ.

ಎರಡನೆಯ ಕೌದಿ ಕಳೆದ ವಾರ ಪ್ರಕಟವಾಯಿತು. ಅದು ಹಸಿರು. ಎಡಗಡೆಯ ಕೆಳಮೂಲೆಯಲ್ಲಿ, ಎಲ್ಲರಿಗೂ ಕಾಣುವಂತೆ, ಬಿಳಿ ದಾರದಿಂದ ಸುತ್ತಲೂ ಹೊಲಿದ, ಬೆರಳಗಲದ ಜೋಳದ ರೊಟ್ಟಿಯ ಚೂರು ಇದೆ.